ಬೆನ್ನು ನೋವು: ಕುಣಿಯುವವರು ಬಚ್ಚಿಡುವ ಕೆಲಸದ ಗಾಯ

‘ನೋವಿಲ್ದೆ ಡಾನ್ಸ್ ಬರುತ್ತಾ?’ ಅನ್ನೋ ಮಾತು ಕೇಳದೆ ಕುಣಿತ ಕಲಿತವರು ಕಡಿಮೆ. ನಾನು ಹಲವು ವರ್ಷ ಭರತನಾಟ್ಯ ಕಲಿತವಳು. ನಮ್ಮ ತರಗತಿಯಲ್ಲಿ ಬೆನ್ನು ನೋವನ್ನು ಸಹಿಸಿದರೆ ಸಾಧನೆ, ಬಾಯಿಬಿಟ್ಟು ಹೇಳಿದರೆ ಸೋಮಾರಿತನ. ಈ ಮನೋಭಾವವನ್ನು ಪ್ರಶ್ನಿಸೋಕೆ ಮೊದಲು ದೇಹದ ಲೆಕ್ಕ ಗೊತ್ತಿರಬೇಕು.

ಬೆನ್ನು ಹೇಗೆ ಬಾಗುತ್ತೆ?

ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಕೆಳಬೆನ್ನಿನಲ್ಲಿ 5 – ಹೀಗೆ ಅಲುಗಾಡುವ 24 ಮೂಳೆಮಣಿಗಳು ನಮ್ಮ ಬೆನ್ನಲ್ಲಿವೆ. ಕೆಳಬೆನ್ನು ಹಿಂದೆ-ಮುಂದೆ ಚೆನ್ನಾಗಿ ಬಾಗುತ್ತದೆ, ಆದರೆ ಹೆಚ್ಚು ತಿರುಗದು. ತಿರುಗುವ ಕೆಲಸ ಬಹುಪಾಲು ಕುತ್ತಿಗೆ ಮತ್ತು ಎದೆಭಾಗದ್ದು.

ಅರೆಮಂಡಿಯನ್ನೇ ನೋಡಿ. ಪಾದ ಹೊರಕ್ಕೆ ತಿರುಗಬೇಕಾದದ್ದು ತೊಡೆಸಂದಿನಿಂದ. ಆ ಸಂದು ಎಷ್ಟು ತಿರುಗುತ್ತದೆ ಅನ್ನೋದು ಹುಟ್ಟಿನಿಂದ ಬಂದ ಮೂಳೆಯ ಆಕಾರಕ್ಕೂ ಸೇರಿದ್ದು. ಸಾಲದಿದ್ದಾಗ ಪಾದವನ್ನು ಬಲವಂತವಾಗಿ ತಿರುಗಿಸಿದರೆ ಮಂಡಿ ತಿರುಚುತ್ತದೆ, ಸೊಂಟ ಮುಂದಕ್ಕೆ ವಾಲಿ ಕೆಳಬೆನ್ನು ಕಮಾನಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಬೆನ್ನನ್ನು ಪದೇಪದೇ ಹಿಂದಕ್ಕೆ ಬಗ್ಗಿಸಿದರೆ ಕೆಳಗಿನ ಮಣಿಗಳಲ್ಲಿ ಕೂದಲೆಳೆಯಂಥ ಬಿರುಕು ಬೀಳಬಹುದು. ಬ್ಯಾಲೆ ನರ್ತಕರು, ಜಿಮ್ನಾಸ್ಟ್‌ಗಳು, ವೇಗದ ಬೌಲರ್‌ಗಳಲ್ಲಿ ಕಾಣುವ ಗಾಯವೇ ಇದು.

‘ನೆಟ್ಟಗೆ ನಿಲ್ಲು’ ಅನ್ನೋದರ ರಾಜಕಾರಣ

ದೇವದಾಸಿ ಸಮುದಾಯದ ಹೆಣ್ಣುಮಕ್ಕಳು ಉಳಿಸಿಕೊಂಡು ಬಂದ ಕಲೆ 1930ರ ದಶಕದಲ್ಲಿ ಮೇಲ್ಜಾತಿ, ಮಧ್ಯಮವರ್ಗದ ವೇದಿಕೆಗೆ ಬಂತು. ರುಕ್ಮಿಣೀ ದೇವಿ 1936ರಲ್ಲಿ ಕಲಾಕ್ಷೇತ್ರ ಕಟ್ಟಿದರು. ಅಲ್ಲಿ ಗೆರೆ ಎಳೆದಂಥ ಅಂಗಶುದ್ಧಿಗೆ ಹೆಚ್ಚು ಬೆಲೆ ಬಂತು. ಮುಂದೆ ಚಂದ್ರಲೇಖಾ 1985ರ ‘ಅಂಗಿಕ’ದಲ್ಲಿ ಭರತನಾಟ್ಯದ ಜೊತೆ ಯೋಗ, ಕಳರಿಪಯಟ್ಟನ್ನು ಸೇರಿಸಿದರು. ಅವರಿಗೆ ಬೆನ್ನುಮೂಳೆ ಅಂದರೆ ಬರೀ ಚೆಂದದ ಭಂಗಿಯಲ್ಲ, ದೇಹದ ಶಕ್ತಿಯ ಮೂಲ. ನೆಟ್ಟಗಿನ ಬೆನ್ನು ಒಂದೇ ಸರಿ, ಬಾಗಿದ್ದೆಲ್ಲ ತಪ್ಪು ಅನ್ನೋದು ಶಾಸ್ತ್ರವೂ ಅಲ್ಲ, ವಿಜ್ಞಾನವೂ ಅಲ್ಲ. ಒಡಿಸ್ಸಿಯ ತ್ರಿಭಂಗಿ ನಿಂತಿರೋದೇ ಬಾಗುವಿಕೆಯ ಮೇಲೆ.

ಯಾರ ಬೆನ್ನು, ಯಾರ ಖರ್ಚು?

ಡೊಳ್ಳು ಹೊತ್ತು ಹಾರುವವರು, ಪಟ ಕುಣಿತದವರು, ಯಕ್ಷಗಾನದಲ್ಲಿ ಭಾರದ ವೇಷ ಕಟ್ಟಿ ಮಂಡಿ ಕುಣಿತ, ದಿಗಿಣ ಹಾಕುವವರು – ಇವರ ಬೆನ್ನಿನ ಮೇಲೆ ಬೀಳುವ ಭಾರವೇನು ಕಡಿಮೆಯೇ? ಪಟ್ಟಣದ ನರ್ತಕಿ ಫಿಸಿಯೋಥೆರಪಿಗೆ ಹೋಗ್ತಾಳೆ. ಒಂದು ಆಟಕ್ಕಿಷ್ಟು ಅಂತ ದುಡಿಯುವ ಕಲಾವಿದ ರಜೆ ಹಾಕಿದರೆ ಅವತ್ತಿನ ಸಂಬಳ ಹೋಯ್ತು. ಹಾಗಾಗಿ ‘ನೋವು ಸಹಿಸೋದು ಕಲೆ’ ಅನ್ನೋದು ಎಷ್ಟೋ ಸಲ ‘ರಜೆ ಕೇಳ್ಬೇಡ’ ಅನ್ನೋದರ ಇನ್ನೊಂದು ಹೆಸರು.

ಏನು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು. ಬಹುಪಾಲು ನೋವಿಗೆ ಸ್ಕ್ಯಾನ್ ಬೇಕಿಲ್ಲ, ಹಾಸಿಗೆ ಹಿಡಿಯುವುದೂ ಬೇಕಿಲ್ಲ. ನೋವು ತರುವ ಚಲನೆ ಕಡಿಮೆ ಮಾಡಿ, ಉಳಿದಂತೆ ಓಡಾಡಿಕೊಂಡಿದ್ದು, ಹೊಟ್ಟೆ-ಸೊಂಟದ ಸ್ನಾಯು ಗಟ್ಟಿ ಮಾಡಿಕೊಳ್ಳುತ್ತಾ ನಿಧಾನವಾಗಿ ಕುಣಿತಕ್ಕೆ ಮರಳಬಹುದು. ಆದರೆ ಕಾಲು ಸೋತರೆ, ಜೋಮು ಹೆಚ್ಚುತ್ತಾ ಹೋದರೆ, ಮಲ-ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಿಂದಕ್ಕೆ ಬಾಗಿದಾಗ ಬರುವ ನೋವು ಮಕ್ಕಳಲ್ಲಿ ವಾರಗಟ್ಟಲೆ ಉಳಿದರೂ ವೈದ್ಯರಿಗೆ ತೋರಿಸಲೇಬೇಕು.

ಇದಿಷ್ಟು ವೈದ್ಯಕೀಯ. ಉಳಿದದ್ದು ಹಕ್ಕಿನ ಪ್ರಶ್ನೆ. ತರಗತಿಯಲ್ಲಿ ನೋವು ಹೇಳಿಕೊಂಡವರಿಗೆ ಅವಮಾನ ಆಗಬಾರದು, ಮೇಳ-ತಂಡಗಳಲ್ಲಿ ಗಾಯದ ರಜೆಗೆ ಸಂಬಳ ಸಿಗಬೇಕು. ಕಲಾವಿದರಿಗೆ ಶಾಲು ಹೊದಿಸುವ ಸಮಾಜ ಆ ಶಾಲಿನ ಕೆಳಗಿನ ಬೆನ್ನಿನ ಕಡೆಗೂ ನೋಡಲಿ.