ಜಟಕಾ ಬೀದಿಗೆ ಬಂದ ಹೈಬ್ರಿಡ್ ಕಾರು

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರ ಪ್ಲೇಗ್ ನಂತರ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಜಟಕಾ, ಎತ್ತಿನ ಗಾಡಿಗಳ ಕಾಲದ ಬೀದಿಗಳಿವು. ಇಂದು ಗಾಂಧಿ ಬಜಾರಿನಲ್ಲಿ ಕಾರು ಹತ್ತು ಮಾರು ಹೋಗಿ ನಿಲ್ಲುತ್ತದೆ. ನಿಂತಾಗಲೂ ಎಂಜಿನ್ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ.

ಈ ಪೋಲು ತಡೆಯುವುದೇ ಹೈಬ್ರಿಡ್ ಕೆಲಸ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿ, ಮತ್ತೆ ಹೊರಡುವಾಗ ಅದರಿಂದಲೇ ಮೋಟಾರು ಓಡಿಸುತ್ತದೆ.

1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಬಂತು. 2001ರಲ್ಲಿ ಬೆಂಗಳೂರಿನಿಂದಲೇ ಚೇತನ್ ಮೈನಿಯವರ ಪುಟ್ಟ ವಿದ್ಯುತ್ ಕಾರು ರೇವಾ ಬಂತು. ಅದು ಪೇಟೆಗೆ ಸರಿ, ದೂರದ ಊರಿಗೆ ಆಗದು. 2013ರಲ್ಲಿ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. ಅದು ಉಳ್ಳವರ ಕಾರು. 2022ರಲ್ಲಿ ಅಲ್ಲೇ ತಯಾರಾದ ಹೈರೈಡರ್ ಮಧ್ಯಮ ವರ್ಗಕ್ಕೆ ಹತ್ತಿರವಾಯಿತು.

ಹಾಗಾದರೆ ಕೊಳ್ಳಬೇಕೇ? ಲೆಕ್ಕ ಹಾಕಿ. ಹೈರೈಡರ್ ಬಿಡುಗಡೆಯಾದಾಗ ಕಂಪನಿ ಹೇಳಿದ ಮೈಲೇಜ್, ಸ್ಟ್ರಾಂಗ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿ.ಮೀ., ಮೈಲ್ಡ್ ಹೈಬ್ರಿಡ್ ಮ್ಯಾನ್ಯುಯಲ್‌ಗೆ 21.12. ಸಾವಿರ ಕಿ.ಮೀ.ಗೆ ಉಳಿಯುವುದು ಸುಮಾರು 11.6 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ 1,160 ರೂಪಾಯಿ. ಕಾರಿಗೆ 3 ಲಕ್ಷ ಹೆಚ್ಚು ಕೊಟ್ಟಿದ್ದರೆ, ಅದು ಮರಳಲು 2.6 ಲಕ್ಷ ಕಿ.ಮೀ. ಓಡಬೇಕು!

ಪೇಟೆಯ ದಟ್ಟಣೆಯಲ್ಲಿ ಉಳಿತಾಯ ಹೆಚ್ಚು, ಒಂದೇ ವೇಗದ ಹೆದ್ದಾರಿಯಲ್ಲಿ ಕಡಿಮೆ. ದಿನವೂ ಬೆಂಗಳೂರಿನೊಳಗೆ ಓಡಿಸುವವರಿಗೆ ಹೈಬ್ರಿಡ್ ಒಪ್ಪುತ್ತದೆ. ಹಬ್ಬಕ್ಕೊಮ್ಮೆ ಊರಿಗೆ ಬರಲಷ್ಟೇ ಆದರೆ, ಸಾಲ ಮಾಡಿ ಕೊಳ್ಳಬೇಡಿ.