ಮದ್ದು ಮತ್ತು ‘ನಾನು’

ಖಿನ್ನತೆಯ ಮದ್ದಿನ ಚರಿತ್ರೆ ಕ್ಷಯರೋಗಿಗಳ ವಾರ್ಡಿನಲ್ಲಿ ಮೊದಲಾಯಿತೆಂದರೆ ಕೇಳುಗರಿಗೆ ಸೋಜಿಗವೆನಿಸೀತು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಐಪ್ರೊನಯಜಿಡ್ ಎಂಬ ಹೊಸ ಔಷಧವನ್ನು ಕ್ಷಯಕ್ಕೆಂದು ಪ್ರಯೋಗಿಸಿದರು. ಹಾಸಿಗೆ ಹಿಡಿದಿದ್ದವರು ಎದ್ದು ಕುಳಿತರು, ಕೇಳಿ ಕೇಳಿ ಉಂಡರು. ಕೆಲವರು ವಾರ್ಡಿನಲ್ಲಿಯೇ ಕುಣಿದರು. ಸಾವಿನ ಬಾಯಿಂದ ಪಾರಾದವರು ಹಿಗ್ಗುವುದು ಸಹಜವಷ್ಟೆ? ಆದರೆ ಆ ಹಿಗ್ಗು ಕಾಯಿಲೆ ಇಳಿದುದರ ಫಲವೋ, ಮದ್ದೇ ನೇರವಾಗಿ ತಂದುದೋ? 1957ರಲ್ಲಿ ನೇಥನ್ ಕ್ಲೈನ್ ಎಂಬ ವೈದ್ಯರು ಅದನ್ನು ಕ್ಷಯವಿಲ್ಲದ ಖಿನ್ನರಿಗೂ ಕೊಟ್ಟು ಗುಣ ಕಂಡುದಾಗಿ ವರದಿ ಮಾಡಿದರು. ಯಕೃತ್ತಿಗೆ ಹಾನಿಯೆಂದು 1961ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದರು. ಅದು ಎತ್ತಿದ ಪ್ರಶ್ನೆ ಮಾತ್ರ ಉಳಿಯಿತು: ಮದ್ದಿನಿಂದ ಬಂದ ಸಂತೋಷ ಯಾರದು?

1987ರ ಕೊನೆಗೆ ಅಮೆರಿಕದಲ್ಲಿ ಪ್ರೊಜ್ಯಾಕ್ ಮಾತ್ರೆಗೆ ಅನುಮತಿ ದೊರೆತ ಬಳಿಕ ಈ ಪ್ರಶ್ನೆ ಮೊನಚಾಯಿತು. ಮನೋವೈದ್ಯ ಪೀಟರ್ ಕ್ರೇಮರ್ 1993ರ ತಮ್ಮ ಗ್ರಂಥದಲ್ಲಿ ಒಬ್ಬ ಮಹಿಳೆಯ ಸಂಗತಿ ಹೇಳುತ್ತಾರೆ. ಮಾತ್ರೆ ನಿಲ್ಲಿಸಿದ ಕೆಲವು ತಿಂಗಳ ಮೇಲೆ ಆಕೆ, ತಾನೀಗ ತಾನಾಗಿ ಉಳಿದಿಲ್ಲವೆಂದು ದೂರಿದಳಂತೆ. ಬಾಳಿನುದ್ದಕ್ಕೂ ಜೊತೆಗಿದ್ದ ಸ್ವಭಾವ ಪರಕೀಯವಾಗಿ, ನಿನ್ನೆ ಮೊನ್ನೆ ಬಂದ ಲವಲವಿಕೆಯೇ ನಿಜಸ್ವರೂಪವಾಗಿತ್ತು! ಮದ್ದು ನೋವಿನೊಡನೆ ನಲಿವನ್ನೂ ಮಂಕಾಗಿಸಿತು, ಇದು ನಾನಲ್ಲ ಎಂದವರೂ ಉಂಟು.

ಕನ್ನಡ ಕಲಿಸಿಕೊಂಡು ಬಂದ ನನಗೆ ಇಲ್ಲೊಂದು ವ್ಯಾಕರಣದ ಸೂಕ್ಷ್ಮ ಹೊಳೆಯುತ್ತದೆ. ನಾವು ‘ನನಗೆ ದುಃಖವಾಗಿದೆ’ ಎನ್ನುತ್ತೇವೆ. ಆಗುವುದು ದುಃಖ, ‘ನಾನು’ ಚತುರ್ಥಿಯಲ್ಲಿ ಬದಿಗೆ ನಿಂತಿದ್ದೇನೆ. ಇಂಗ್ಲಿಷಿನವನು ದುಃಖವನ್ನು ಪ್ರಥಮಾ ವಿಭಕ್ತಿಯ ‘ನಾನು’ವಿಗೇ ಅಂಟಿಸುತ್ತಾನೆ. ನಮ್ಮ ಲೆಕ್ಕದಲ್ಲಿ ಮದ್ದು ಕಳೆಯುವುದು ಬಂದುದನ್ನು, ನನ್ನನ್ನಲ್ಲ. ಹಾಗಿದ್ದರೆ ಖಿನ್ನನಾದವನು ಮಾತ್ರೆ ನುಂಗಲು ಏಕೆ ನಾಚಬೇಕು?

ಆದರೆ ಶೋಕದ ಮುಂದೆ ಈ ವ್ಯಾಕರಣ ತಡವರಿಸುತ್ತದೆ. ಅಮೆರಿಕದ ಮನೋವೈದ್ಯರ ಸಂಘ 1980ರ ತನ್ನ ಕೈಪಿಡಿಯಲ್ಲಿ, ಆಪ್ತರ ಸಾವಿನಿಂದಾದ ಸಹಜ ದುಃಖವನ್ನು ಖಿನ್ನತೆಯ ರೋಗದಿಂದ ಹೊರಗಿಟ್ಟಿತ್ತು. 2013ರ ಆವೃತ್ತಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಲಕ್ಷಣಗಳು ಎರಡು ವಾರ ಕಂಡರೆ, ಸಾವು ಸಂಭವಿಸಿದ ಮನೆಯಲ್ಲಿಯೂ ರೋಗವೆನ್ನಲು ಅವಕಾಶವಾಯಿತು. ಶೋಕದಲ್ಲಿಯೂ ಜೀವಕ್ಕೆರವಾಗುವ ಖಿನ್ನತೆ ಕವಿಯಬಹುದು, ಅಂಥವರಿಗೆ ಚಿಕಿತ್ಸೆ ತಪ್ಪಬಾರದು ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ. ಆದರೂ ತಾಯಿಯನ್ನು ಕಳೆದುಕೊಂಡವನ ದುಃಖ ಹೊರಗಿನಿಂದ ಬಂದು ಸೇರಿದ್ದಲ್ಲ, ಅವನ ಪ್ರೀತಿಯೇ ತಾಳಿದ ರೂಪ. ನನ್ನ ಮನಸ್ಸು 1980ರ ನಿಯಮದ ಕಡೆಗೇ ವಾಲುತ್ತದೆ.