ಬಿಸಿನೀರಿನ ಜಮಾ–ಖರ್ಚು

ಕಾಸರಗೋಡಿನ ತೆಂಗಿನ ಮಡಲಾಗಲಿ, ಅಕ್ಕಲಕೋಟೆಯ ತೊಗರಿ ಕಟ್ಟಿಗೆಯಾಗಲಿ, ಸ್ನಾನದ ನೀರಿಗೆ ಉರಿ ಬೇಕೇ ಬೇಕು. ಕರೆಂಟಿನಲ್ಲಾದರೆ 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಖರ್ಚಾಗುತ್ತದೆ. ಈ ಖರ್ಚನ್ನು ಸೂರ್ಯನ ಖಾತೆಗೆ ಬರೆಯುವ ಪ್ರಯತ್ನ ನೂರು ವರ್ಷಕ್ಕೂ ಹಳೆಯದು.

ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ 1891ರಲ್ಲಿ 'ಕ್ಲೈಮ್ಯಾಕ್ಸ್' ಎಂಬ ಸೋಲಾರ್ ಹೀಟರಿಗೆ ಪೇಟೆಂಟ್ ಪಡೆದರು. ಗಾಜು ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಕಪ್ಪು ಬಣ್ಣದ ನೀರಿನ ಟ್ಯಾಂಕುಗಳಿದ್ದವು. ಆದರೆ ಹಗಲು ಗಳಿಸಿದ ಶಾಖ ರಾತ್ರಿ ಸೋರಿಹೋಗಿ, ಬೆಳಗಿನ ಸ್ನಾನಕ್ಕೆ ತಣ್ಣೀರೇ ಗತಿಯಾಗುತ್ತಿತ್ತು.

1909ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ ಈ ಸೋರಿಕೆ ತಡೆದರು. ಬಿಸಿಲಿಗೆ ಕೊಳವೆಗಳ ಪೆಟ್ಟಿಗೆಯನ್ನಿಟ್ಟು, ಅದಕ್ಕಿಂತ ಎತ್ತರದಲ್ಲಿ ಶಾಖ ಹೊರಹೋಗದಂತೆ ಸುತ್ತಿದ ಟ್ಯಾಂಕು ಕೂರಿಸಿದರು. ಕಾದ ನೀರು ಹಗುರವಾಗಿ ತಾನಾಗಿಯೇ ಮೇಲೇರುವುದರಿಂದ ಪಂಪು ಬೇಕಿಲ್ಲ. ಅದಕ್ಕೆ 'ಡೇ ಅಂಡ್ ನೈಟ್', ಅಂದರೆ 'ಹಗಲು–ರಾತ್ರಿ' ಎಂದೇ ಹೆಸರಿಟ್ಟರು. ಇಂದು ನಮ್ಮ ಮಾಳಿಗೆಗಳ ಮೇಲೆ ಕಾಣುವ ಹೀಟರುಗಳ ತತ್ತ್ವವೂ ಬಹುಪಾಲು ಇದೇ.

1920ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ನೈಸರ್ಗಿಕ ಅನಿಲ ಅಗ್ಗವಾಗಿ ಸಿಗತೊಡಗಿತು. ಬೈಲಿಯವರ ಸೋಲಾರ್ ವ್ಯಾಪಾರ ಕುಸಿಯಿತು. ಉರುವಲು ಅಗ್ಗವಾದರೆ ಉಳಿತಾಯ ಮರೆತುಹೋಗುತ್ತದೆ. 1973ರ ತೈಲ ಬಿಕ್ಕಟ್ಟು ಅದನ್ನು ಮತ್ತೆ ನೆನಪಿಸಿತು. 1980ರಲ್ಲಿ ಇಸ್ರೇಲ್ ಹೊಸ ಮನೆಗಳಿಗೆ ಸೋಲಾರ್ ಹೀಟರನ್ನು ಕಡ್ಡಾಯಗೊಳಿಸಿತು.

ನಮ್ಮ ಹಳ್ಳಿಗಳಲ್ಲಿ ಕಟ್ಟಿಗೆಯ ಹೊರೆ ಹೆಚ್ಚಾಗಿ ಹೆಂಗಸರ ತಲೆಯ ಮೇಲೆಯೇ. ಸೋಲಾರ್ ಕೊಳ್ಳಲಾಗದ ಮನೆಯವರೂ ಬೈಲಿಯವರ ಪಾಠ ಕಲಿಯಬಹುದು. ಹಂಡೆಗೆ ಮುಚ್ಚಳವಿರಲಿ, ಒಲೆಯ ಸುತ್ತ ಮಣ್ಣಿನ ಕಟ್ಟೆಯಿರಲಿ, ನೀರು ಕಾದ ಮೇಲೆ ಸ್ನಾನ ತಡವಾಗದಿರಲಿ. ಅಷ್ಟು ಮಾಡಿದರೂ ತಲೆಹೊರೆ ಒಂದಿಷ್ಟು ಹಗುರವಾದೀತು.